ತಕ್ಕಡಿಯ ಮೂರು ಅಳತೆ

ಆಸ್ಪತ್ರೆಯ ಫೀಡ್ ರೂಮಿನವನನ್ನು ನಾವೆಲ್ಲ ತಕ್ಕಡಿ ಎಂದೇ ಕರೆಯುತ್ತಿದ್ದೆವು. ಐಸಿಯುವಿನಲ್ಲಿ ಮೂಗಿನ ನಳಿಗೆಯಿಂದ ಉಣ್ಣುವವರಿಗೆಲ್ಲ ಡಾಕ್ಟರ ಚೀಟಿಯಂತೆ ಪುಡಿ ಕಲಸಿ, ಸೋಸಿ, ಬಾಟಲಿಗೆ ಲೇಬಲ್ ಅಂಟಿಸಿ ಕಳಿಸುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಪುಡಿಗೆ ಇರುವೆ ಬಿದ್ದರೆ ಅದನ್ನು ಹಿಡಿದು ತೂಗಿ, ತಿಂದಷ್ಟನ್ನು ಕಕ್ಕಿಸಿಯೇ ಬಿಡುವ ಆಸಾಮಿ. "ಹೆಂಡ್ತಿಗೆ ಮುತ್ತೂ ಮಿಲಿಲೀಟರ್ ಲೆಕ್ಕದಲ್ಲೇನೋ?" ಎಂದು ಲಾಂಡ್ರಿಯವನು ಕೆಣಕಿದರೆ, "ಚೀಟಿ ಕಳಿಸ್ಲಿ, ಕೊಡ್ತೀನಿ" ಎನ್ನುತ್ತಿದ್ದ.

ಅಂಥವನ ಅಕ್ಕನೇ ಅದೇ ಐಸಿಯುವಿಗೆ ಬಂದಳು. ಕಾಲಿನ ಗಾಯ ಕೀವಾಗಿ ನಂಜು ರಕ್ತಕ್ಕೇರಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. ಅವಳ ಬಿಪಿ, ಔಷಧಿಯ ಬಲದಿಂದಷ್ಟೇ ನಿಂತಿತ್ತು. "ಕರುಳಿಗೆ ರಕ್ತ ಸಾಲ್ತಿಲ್ಲ, ಹೆಚ್ಚು ಕೊಟ್ರೆ ತಡೆಯಲ್ಲ" ಎಂದು ಡಾಕ್ಟರಮ್ಮ ಗಂಟೆಗೆ ಇಪ್ಪತ್ತೇ ಮಿಲಿಲೀಟರ್ ತೆಳು ಫೀಡ್ ಬರೆದಿದ್ದರು.

ಮೂರನೇ ದಿನ ಭಾವ ಪ್ರೋಟೀನ್ ಪುಡಿಯ ಒಂದು ಡಬ್ಬ ಬಗಲಲ್ಲಿಟ್ಟುಕೊಂಡು ಫೀಡ್ ರೂಮಿನ ಕಿಟಕಿಗೆ ಬಂದ. ಅದರ ಮೇಲಿದ್ದ ಪೈಲ್ವಾನನ ತೋಳು ಡಬ್ಬದಿಂದ ಆಚೆಗೂ ಚಾಚಿತ್ತು ಎಂದರೂ ನಂಬಬಹುದು.

"ಇಪ್ಪತ್ತು ಎಮ್ಮೆಲ್ಲು ಒಂದು ಗುಬ್ಬಿಗೂ ಸಾಲಲ್ಲ ಕಣೋ. ಇದನ್ನ ಒಂಚೂರು ಬೆರೆಸು."

"ಚೀಟೀಲಿಲ್ಲ ಭಾವ."

"ನಿನ್ನ ಸಾಕೋವಾಗ ಅವ್ಳು ಚೀಟಿ ನೋಡಿದ್ಲಾ?"

ಮಾತು ನಾಟಿತು. ಅಕ್ಕನ ಅಂದಿನ ಆರೂ ಬಾಟಲಿಗೆ ಮೂರು ಮೂರು ಅಳತೆ ಪುಡಿ ಬಿತ್ತು. ಲೇಬಲ್ಲಿನಲ್ಲಿ ಮಾತ್ರ ಎಂದಿನಂತೆ "ತೆಳು" ಎಂದೇ ಬರೆದ.

ಮರುದಿನ ಅಕ್ಕನ ಹೊಟ್ಟೆ ನಗಾರಿಯಾಗಿತ್ತು. ನಳಿಗೆಯಿಂದ ಕಂದು ನೀರು ಮರಳಿ ಬರುತ್ತಿತ್ತು. ತಕ್ಕಡಿ ಬಾಗಿಲಿಗೆ ಬಂದಾಗ ಡಾಕ್ಟರಮ್ಮ ಸರ್ಜನ್ನರೊಡನೆ ಫೋನಿನಲ್ಲಿದ್ದರು: "ಕೊಟ್ಟಿದ್ದು ತೆಳು ಫೀಡಷ್ಟೇ. ಆದ್ರೂ ಊದಿದೆ ಅಂದ್ರೆ ಕರುಳೇ ಸತ್ತಿರ್ಬೇಕು. ಹೊಟ್ಟೆ ತೆರೀಬೇಕು."

ಈ ಬಿಪಿಯಲ್ಲಿ ಆಪರೇಷನ್ ಟೇಬಲ್ ಹತ್ತಿದವರಲ್ಲಿ ಇಳಿದು ಬಂದವರೆಷ್ಟು ಎಂಬುದು ತಕ್ಕಡಿಗೆ ಗೊತ್ತಿತ್ತು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೂ ಒಳಗೆ ಹೋದ.

"ತೆಳು ಅಲ್ಲ ಮೇಡಂ. ನಾನು ಬೇರೆ ಪುಡಿ ಬೆರೆಸಿದ್ದೆ."

"ಎಷ್ಟು?"

"ಬಾಟ್ಲಿಗೆ ಮೂರು ಅಳತೆ. ಆರಕ್ಕೂ."

ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಫೀಡ್ ನಿಲ್ಲಿಸಿ, ಹೊಟ್ಟೆಯಲ್ಲಿದ್ದುದು ಹೊರಬರಲೆಂದು ನಳಿಗೆಯ ತುದಿಗೆ ಚೀಲ ಕಟ್ಟಿಸಿದರು. "ನಾಲ್ಕು ಗಂಟೆವರೆಗೆ ಕಾಯ್ತೀನಿ. ಊತ ಇಳಿದ್ರೆ ನಿನ್ನ ಪುಡಿ ಕಾರಣ. ಇಳೀದಿದ್ರೆ ಕರುಳು ಸತ್ತಿದೆ, ತೆರೀಲೇಬೇಕು."

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ತಕ್ಕಡಿ ಅಕ್ಕನ ಹೊಟ್ಟೆಯ ಮೇಲೆ ಅಂಗೈಯಿಟ್ಟ. ಬೆಳಗಿಗಿಂತ ಗಟ್ಟಿಯಾಗಿತ್ತು.

"ಇಳೀತೇನೋ?" ಬೆನ್ನ ಹಿಂದಿನಿಂದ ಭಾವ ಪಿಸುಗುಟ್ಟಿದ.

ಅವನು ಕೈ ತೆಗೆಯಲಿಲ್ಲ. ಬಾಗಿಲಿಗೆ ಆಪರೇಷನ್ ಥಿಯೇಟರಿನ ಟ್ರಾಲಿ ಬಂದು ನಿಂತಿತ್ತು.