ಹುಳ ಗೀಚಿದ ಪತ್ರೆ

ಚಿಕ್ಕಮಲ್ಲಮ್ಮನ ಬಾಯಿಗೆ ಹೆದರದವರು ಹರವೆ ಊರಿನಲ್ಲಿ ಯಾರೂ ಇರಲಿಲ್ಲ. ಅವಳ ಹಿತ್ತಲಿನ ಬಿಲ್ವಪತ್ರೆ ಮರಕ್ಕೆ ಕೈ ಮುಗಿಯದವರೂ ಇರಲಿಲ್ಲ. ಮೊದಲ ಗಂಡ ತೀರಿಕೊಂಡ ಮೇಲೆ ನೀಲಕಂಠಸ್ವಾಮಿಯ ಮನೆಗೆ ಕೂಡಾವಳಿಯಾಗಿ, ಎಂದರೆ ಮರುಮದುವೆಯ ಹೆಂಡತಿಯಾಗಿ ಬಂದವಳು ಅವಳು. ಕೂಡಾವಳಿ ಹೆಂಗಸು ಮದುವೆಯ ಹಸೆಯ ಹತ್ತಿರ ಸುಳಿಯುವಂತಿಲ್ಲ, ಸೋಬಾನೆಗೆ ದನಿ ಕೂಡಿಸುವಂತಿಲ್ಲ. ಬಂದ ವರ್ಷವೇ ನೆಟ್ಟು ಬೆಳೆಸಿದ ಮರದ ಪತ್ರೆಯನ್ನು ಸೋಮವಾರ ಸೋಮವಾರ ಶಿವನ ಗುಡಿಗೆ ಕೊಡುವುದು ಮಾತ್ರ ಅವಳ ಹಕ್ಕಾಗಿತ್ತು. ಊರು ಅವಳಿಗೆ ಬಿಟ್ಟಿದ್ದ ಒಂದೇ ಒಂದು ಗೌರವ ಅದು.

ಮೈಸೂರು ದೊಡ್ಡ ರಾಜ್ಯವಾದ ವರ್ಷ. ಎಲ್ಲ ಕಡೆ ಹೊಸ ನಕ್ಷೆಯ ಮಾತು ನಡೆದಿದ್ದಾಗ ಹರವೆಯ ಜನ ಎಲೆಯ ಮೇಲಿನ ನಕ್ಷೆ ನೋಡಲು ಅವಳ ಹಿತ್ತಲಿಗೆ ಬಂದರು. ಶ್ರಾವಣದ ಚಿಗುರಿನ ತುಂಬ ಬೆಳ್ಳಗೆ ಹೊಳೆಯುವ ಸೊಟ್ಟ ಗೆರೆಗಳು. ಹಸಿರಿದ್ದಂತೆಯೇ ಎಲೆಗಳು ಉದುರುತ್ತಿದ್ದವು. ಗುಡಿಯ ಅಯ್ಯನವರಾದ ಗಂಗಾಧರಸ್ವಾಮಿ ಒಂದು ಎಲೆಯನ್ನು ಬಿಸಿಲಿಗೆ ಹಿಡಿದು, ಇದು ಶಿವನೇ ಬರೆದ ಬರಹ, ಕೂಡಾವಳಿ ಕೈಯ ನೀರು ಕುಡಿದ ಮರ ತನ್ನ ದೋಷವನ್ನು ತಾನೇ ಹೇಳುತ್ತಿದೆ ಎಂದುಬಿಟ್ಟರು. ಮರ ಕಡಿಸಬೇಕು, ಪತ್ರೆ ಬೇರೆ ಮನೆಯಿಂದ ಬರಲಿ ಎಂದೂ ಆಯಿತು. ನೀಲಕಂಠಸ್ವಾಮಿ ತಲೆ ತಗ್ಗಿಸಿ ನಿಂತ. ಒಳ್ಳೆಯ ಗಂಡಸೇ, ಆದರೆ ಹತ್ತು ಜನರ ಮುಂದೆ ಅವನ ನಾಲಿಗೆ ಹೊರಳುತ್ತಿರಲಿಲ್ಲ.

ಚಿಕ್ಕಮಲ್ಲಮ್ಮ ಆ ಎಲೆಯನ್ನು ಅಯ್ಯನವರ ಕೈಯಿಂದ ಇಸಿದುಕೊಂಡು, ಗೆರೆ ಮುಗಿಯುವ ಕಡೆ ಉಗುರಿನಿಂದ ಕೆರೆದಳು. ಎಳ್ಳಿಗಿಂತ ಸಣ್ಣ ಹಳದಿ ಹುಳವೊಂದು ಅವಳ ಬೆರಳ ತುದಿಯಲ್ಲಿ ಮಿಸುಕಿತು.

“ಬರ್ದೋನು ಇಲ್ಲೇ ಅವ್ನೆ ಅಯ್ನೋರೆ. ಏನ್ ಬರ್ದೆ ಅಂತ ನೀವೇ ಕೇಳಿ.”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಯ್ಯನವರ ಮುಖ ಹುಳ್ಳಗಾಯಿತು. ಆದರೂ ಸೋಲೊಪ್ಪುವ ಆಸಾಮಿಯಲ್ಲ; ಹುಳ ಬಂದದ್ದೂ ದೋಷದಿಂದಲೇ, ಕಾರ್ತಿಕದ ಮೊದಲ ಸೋಮವಾರಕ್ಕೆ ಒಳ್ಳೆಯ ಪತ್ರೆ ಬರದಿದ್ದರೆ ಮರಕ್ಕೆ ಕೊಡಲಿಯೇ ಸೈ ಎಂದು ಗಡುವು ಕೊಟ್ಟು ಹೋದರು.

ಅವಳು ಯಾರ ಕಾಲಿಗೂ ಬೀಳಲಿಲ್ಲ, ಹರಕೆಯನ್ನೂ ಹೊರಲಿಲ್ಲ. ಬೆಳಗಾದರೆ ಮರದ ಬುಡ ಗುಡಿಸಿ, ಬಿದ್ದ ಎಲೆಯನ್ನು ಒಲೆಗೆ ಹಾಕುವಳು. ಗುಡಿಸುತ್ತ ಗುಡಿಸುತ್ತ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಮರ ಉದುರಿಸುತ್ತಿದ್ದದ್ದು ಹೆಚ್ಚಾಗಿ ಹುಳ ಹೊಕ್ಕ ಎಲೆಯನ್ನೇ. ಬಿದ್ದ ಎಲೆ ಬಾಡಿದರೆ ಒಳಗಿನ ಹುಳವೂ ಅಲ್ಲೇ ಒಣಗುತ್ತಿತ್ತು. ಊರೆಲ್ಲ ದೋಷ ಎಂದದ್ದು ಹುಳವನ್ನು ಉದುರಿಸಿ ಬದುಕುವ ಮರದ ಹಟ. ಅದು ತಿಳಿದ ದಿನ ಅವಳಿಗೆ ಅಳು ಬಂತು, ಹಿಂದೆಯೇ ಸಂತೋಷವೂ ಬಂತು. ಹುಳ ಹೊಕ್ಕ ಕೆಲವು ಎಲೆಗಳು ಉದುರಲೂ ಇಲ್ಲ. ಗೆರೆಗಳು ಹಳೆಯ ಗಾಯದಂತೆ ಕಂದಾಗಿ, ಎಲೆ ಬಲಿತು ಗಟ್ಟಿಯಾಯಿತು. ಬಲಿತದ್ದರ ತಂಟೆಗೆ ಮತ್ತೆ ಹುಳ ಬರಲಿಲ್ಲ. ಅರ್ಧ ಬೋಳಾದ ಮರ ನೋಡಿ ಊರು ನಕ್ಕಿತು. ನಕ್ಕವರ ಕಣ್ಣೆದುರಿಗೇ ಹಿಂಗಾರು ಮಳೆಗೆ ಮರ ಮತ್ತೆ ಚಿಗುರಿತು.

ಕಾರ್ತಿಕದ ಸೋಮವಾರ ಅವಳು ಬುಟ್ಟಿ ತುಂಬ ಪತ್ರೆ ಹೊತ್ತು, ಗಂಡನನ್ನೂ ಕರೆದುಕೊಂಡು ಗುಡಿಗೆ ನಡೆದಳು. ಎಲ್ಲವೂ ಚೊಕ್ಕ ಹಸಿರು; ಮೇಲೊಂದು ಮಾತ್ರ ಕಂದು ಗೆರೆಯದು. ಹುಳ ಮುಟ್ಟಿದ್ದು ಪೂಜೆಗೆ ಸಲ್ಲದೆಂದು ಅಯ್ಯನವರು ಅದನ್ನು ಎಸೆಯಲು ಹೋದರು.

“ಅದ ಎಸೀಬ್ಯಾಡಿ. ಹುಳ ತಿಂದ್ರೂ ಬೀಳ್ದೆ ನಿಂತ್ಕಂಡಿರೋ ಎಲೆ ಅದು. ಮೊದ್ಲು ಅದ ಏರ್ಸಿ, ಇಲ್ದೆ ಹೋದ್ರೆ ನನ್ ಬುಟ್ಟಿ ಕೊಟ್ಬುಡಿ.”

ಗುಡಿಯ ತುಂಬ ಜನ. ಆಗ ಕಂಬದ ಮರೆಯಿಂದ ನೀಲಕಂಠಸ್ವಾಮಿಯ ದನಿ ಕೇಳಿಸಿತು.

“ಏರ್ಸಿ ಅಯ್ನೋರೆ.”

ಅಯ್ಯನವರು ಒಮ್ಮೆ ಅವನನ್ನು, ಒಮ್ಮೆ ಜನರನ್ನು ನೋಡಿ, ಆ ಎಲೆಯನ್ನು ಲಿಂಗದ ಮೇಲಿಟ್ಟರು. ಚಿಕ್ಕಮಲ್ಲಮ್ಮ ಖಾಲಿ ಬುಟ್ಟಿ ಇಸಿದುಕೊಂಡು, ಮುಂದಿನ ಸೋಮವಾರವೂ ಗಾಯದ ಎಲೆಯೇ ಮೇಲಿರುತ್ತದೆ ಎಂದು ಹೇಳಿ ಮನೆಗೆ ಬಂದಳು.