ನಿಮ್ಮ ಅಪ್ಪ ಎರಡು ಸಲ ಹೊಸಿಲು ದಾಟಿದ್ದು

ನಿಮ್ಮ ಅಪ್ಪ ಅಂಬೆಗಾಲಿಡುವಷ್ಟು ಚಿಕ್ಕವನಿದ್ದಾಗ, ಒಂದು ಚಳಿಗಾಲದ ಬೆಳಿಗ್ಗೆ, ನಾನು ಅಡುಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಎರಡು ಬೆರಳಿನ ನಡುವೆ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ. ಬೆರಳಿಗೆ ಹತ್ತಿದ ಸೊಗಡು ಸಂಜೆಯವರೆಗೂ ಹೋಗುವುದಿಲ್ಲ. ಪಕ್ಕದ ಚಾಪೆಯ ಮೇಲೆ ಕೂತಿದ್ದ ನಿಮ್ಮ ಅಪ್ಪ ಒಂದೊಂದೇ ಸಿಪ್ಪೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ, ನಾನು ಒಂದೊಂದೇ ತೆಗೆಯುತ್ತಿದ್ದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮಹಡಿ ಮನೆಯವಳು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಕೈಯೆಲ್ಲ ಜೋಳದ ಹಿಟ್ಟು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾರ, ನಮ್ಮ ಕೂಸು ಹೊಸ್ತಿಲಾ ದಾಟೈತ್ರಿ. ನಾ ರೊಟ್ಟಿ ಬಡಿಯಾಕತ್ತಿದ್ದೆ, ಹೊಳ್ಳಿ ನೋಡ್ತೀನಿ, ಹೊರಗ ಕುಂತೈತಿ."

"ಒಳ್ಳೇದಾಯ್ತು ಕಣೆ" ಎಂದೆ. ಕೈಯಲ್ಲಿದ್ದ ಕಾಳು ಸಿಪ್ಪೆಯ ಸಮೇತ ನುಗ್ಗಾಗಿ ಹೋಯಿತು.

ಈ ಮಹಡಿ ಮನೆಯವಳು ಯಾರೆಂದು ನಿಮಗೆ ಗೊತ್ತು. ದೀಪಾವಳಿಗೆ ಶೇಂಗಾ ಹೋಳಿಗೆ ಕಳಿಸುವ ನಿಮ್ಮ ಗದಗಿನ ಅಜ್ಜಿ. ಆಗ ಅಜ್ಜಿಯಲ್ಲ, ಇಪ್ಪತ್ತೊಂದು ವರ್ಷದ ಹುಡುಗಿ, ನನಗಿಂತ ಐದು ವರ್ಷ ಚಿಕ್ಕವಳು. ಪದ್ಮನಾಭನಗರದ ಆ ಬಾಡಿಗೆ ಮನೆಯಲ್ಲಿ ಕೆಳಗೆ ನಾವು, ಮೇಲೆ ಅವರು. ಎದುರಿಗೆ ಖಾಲಿ ಸೈಟು, ಅದರ ತುಂಬ ಎಕ್ಕದ ಗಿಡ. ನಿಮ್ಮ ತಾತ ಜಯನಗರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಮಹಡಿಯವಳ ಗಂಡನದೂ ಅದೇ ಕಥೆ. ಇಡೀ ಹಗಲು ಆ ಮನೆಯಲ್ಲಿ ಇರುತ್ತಿದ್ದದ್ದು ಇಬ್ಬರು ತಾಯಂದಿರು, ಎರಡು ಮಕ್ಕಳು.

ಎರಡೂ ಒಂದೇ ಯುಗಾದಿಯ ಆಚೆ ಈಚೆ ಹುಟ್ಟಿದ ಮಕ್ಕಳು. ನಿಮ್ಮ ಅಪ್ಪ ಹದಿನೈದು ದಿನ ದೊಡ್ಡವನು. ಆ ಹದಿನೈದು ದಿನವೇ ನನ್ನ ನೆಮ್ಮದಿ ಕೆಡಿಸಿತು. ದೊಡ್ಡವನು ಎಲ್ಲದರಲ್ಲೂ ಮುಂದಿರಬೇಕಲ್ಲವೆ? ಆಷಾಢದಲ್ಲಿ ಆ ಹುಡುಗಿ ಬೋರಲು ಬಿದ್ದಳು. ನನ್ನವನು ಮಲಗಿದಲ್ಲೇ ಫ್ಯಾನು ನೋಡಿ ನಗುತ್ತಿದ್ದ. ಗೌರಿ ಹಬ್ಬಕ್ಕೆ ಅವಳಿಗೆ ಎರಡು ಹಲ್ಲು. ನನ್ನವನ ವಸಡನ್ನು ನಾನು ದಿನಾ ಬೆರಳಿಂದ ತಡಕುತ್ತಿದ್ದೆ. ದಸರೆಗೆ ಅವಳು "ಅವ್ವಾ" ಎಂದಳು. ನನ್ನವನು ಕಾಗೆ ಕಂಡರೂ, ನನ್ನನ್ನು ಕಂಡರೂ "ಊ" ಎನ್ನುತ್ತಿದ್ದ. ಅವಳ ಕಾಲ್ಗೆಜ್ಜೆಯ ಸದ್ದು ಮೆಟ್ಟಿಲಿಂದ ಇಳಿದು ನನ್ನ ಅಡುಗೆಮನೆಗೆ ಬರುತ್ತಿತ್ತು. ಆ ಸದ್ದಿಗೆ ನಿಮ್ಮ ಅಪ್ಪ ಕತ್ತೆತ್ತಿ ನಗುತ್ತಿದ್ದ. ನಾನು ಕುಕ್ಕರಿನ ಸೀಟಿ ಕೂಗಲಿ ಎಂದು ಕಾಯುತ್ತಿದ್ದೆ.

ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ, ಮಕ್ಕಳೆ. ತಮ್ಮನಿಗೆ ಹೊಸ ಸೈಕಲ್ ಬಂದಾಗ ನಿಮಗೆ ಊಟ ಸೇರಲಿಲ್ಲವಲ್ಲ, ಅದೇ. ದೊಡ್ಡವರಿಗೂ ಬರುತ್ತದೆ, ಪೂಜೆ ಮಾಡುವವರಿಗೂ ಬರುತ್ತದೆ. ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ಆದ ಒಳ್ಳೆಯದನ್ನು ಬೆರಳು ಮಡಿಸಿ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ಮಗುವಿನ ನೆಗಡಿ ಇಳಿಯಿತು, ಎರಡು. ಸಿಲಿಂಡರು ಮುಗಿಯುವ ಮೊದಲೇ ಇನ್ನೊಂದು ಬಂತು, ಮೂರು. ಆ ವರ್ಷ ಮಾತ್ರ ನನ್ನ ಬೆರಳು ಮಡಿಸುತ್ತಿದ್ದಂತೆ ಮನಸ್ಸು ಮಹಡಿ ಹತ್ತಿ ಅವಳ ಬೆರಳು ಎಣಿಸಿಕೊಂಡು ಬರುತ್ತಿತ್ತು.

ನಮ್ಮ ಕಡೆ ಮಗು ಮೊದಲ ಸಲ ತಾನಾಗಿ ಮನೆಯ ಹೊಸಿಲು ದಾಟಿದರೆ ಅದೊಂದು ಹಬ್ಬ. ಹೊಸಿಲು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದು, ಹೋಳಿಗೆ ಮಾಡಿ ನಾಲ್ಕು ಮನೆಗೆ ಕೊಡಬೇಕು. ಆದರೆ ಮಗುವನ್ನು ಎತ್ತಿ ದಾಟಿಸುವ ಹಾಗಿಲ್ಲ, ಕೈಹಿಡಿದು ಎಳೆಯುವ ಹಾಗಿಲ್ಲ. ಅದಕ್ಕೆ ಮನಸ್ಸಾಗಬೇಕು, ಅದು ದಾಟಬೇಕು. ಹೊಸಿಲಲ್ಲಿ ಲಕ್ಷ್ಮಿ ಇದ್ದಾಳೆ, ಅವಳ ಮುಂದೆ ಮೋಸ ಮಾಡಬಾರದು ಎಂದು ನನ್ನ ಅತ್ತೆ, ಎಂದರೆ ನಿಮ್ಮ ಮುತ್ತಜ್ಜಿ, ಹೇಳುತ್ತಿದ್ದರು. ಅವರು ಪ್ರತಿ ಭಾನುವಾರ ತುಮಕೂರಿನಿಂದ ನಮ್ಮ ಓನರ್ ಮನೆಗೆ ಫೋನ್ ಮಾಡುತ್ತಿದ್ದರು. ನಾನು ಓಡಿಹೋಗಿ ಎತ್ತಿಕೊಂಡರೆ ಮೊದಲ ಮಾತೇ, "ದಾಟಿದ್ನೇನೆ?"

ಗದಗಿನವಳ ಹೋಳಿಗೆ ಬಂದ ಮೂರನೆಯ ದಿನ ಮಧ್ಯಾಹ್ನ ನಾನು ನಿಮ್ಮ ಅಪ್ಪನನ್ನು ಬಾಗಿಲ ಹತ್ತಿರ ಕೂರಿಸಿದೆ. ಹೊರಗೆ, ಜಗಲಿಯ ಕೆಂಪು ನೆಲದ ಮೇಲೆ, ಅವನಿಗೆ ಇಷ್ಟವಾದ ಹಿತ್ತಾಳೆ ಲೋಟ ಇಟ್ಟೆ. ಅವನು ಹೊಸಿಲಿನ ತನಕ ಹೋದ. ಎರಡೂ ಕೈ ಮರದ ಮೇಲಿಟ್ಟ. ಲೋಟ ನೋಡಿದ, ತಿರುಗಿ ನನ್ನ ಮುಖ ನೋಡಿದ, ಅಲ್ಲೇ ಕೂತ. ಮೇಲೆ ಗೆಜ್ಜೆ ಜಲ್ ಎಂದಿತು. ನಾನು ಹಿಂದಿನಿಂದ ತಳ್ಳಿದೆ. ಒಂದು ಬೆರಳಿನಿಂದ ಅಷ್ಟೇ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೆರಳಲ್ಲ, ಪೂರ್ತಿ ಅಂಗೈ.

ಅವನು ತಲೆಕೆಳಗಾಗಿ ಆಚೆಗೆ ಬಿದ್ದ. ಗದ್ದ ನೆಲಕ್ಕೆ ತಗುಲಿತು. ಆ ಅಳು ಕೇಳಿ ಗದಗಿನವಳು ಇಳಿದು ಬಂದಳು. "ಏನಾತ್ರಿ ಅಕ್ಕಾರ?"

"ಹೊಸಿಲು ದಾಟಿದ ಕಣೆ" ಎಂದೆ. ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತ್ತು.

ಅವಳ ಮುಖ ಅರಳಿತು. ಅವನನ್ನು ಎತ್ತಿಕೊಂಡು ಗದ್ದಕ್ಕೆ ಮುತ್ತು ಕೊಟ್ಟು, "ನಮ್ಮ ರಾಜಾ ದಾಟಿದನೇನಪಾ, ಅಳಬ್ಯಾಡಪಾ" ಎಂದು ಜಗಲಿಯಲ್ಲೇ ಎರಡು ಸುತ್ತು ತಿರುಗಿದಳು. "ಕಾಯಿ ಐತೇನ್ರಿ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಇರಲಿಲ್ಲ. ತಾನೇ ಮೇಲೆ ಓಡಿ ತನ್ನ ದೇವರ ಗೂಡಿನಲ್ಲಿದ್ದ ಕಾಯಿ ತಂದು ನನ್ನ ಕೈಗಿತ್ತಳು. ಅದು ಕೊಳೆತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಒಡೆದರೆ ಒಳಗೆ ಮಲ್ಲಿಗೆಯಷ್ಟು ಬೆಳ್ಳಗೆ, ನೀರು ಸಕ್ಕರೆಯ ಹಾಗೆ. ಸಂಜೆ ಹೋಳಿಗೆ ಮಾಡಿದೆ, ನಾಲ್ಕು ಮನೆಗೆ ಕೊಟ್ಟೆ. ಭಾನುವಾರ ಫೋನಿನಲ್ಲಿ ಅತ್ತೆ ಸಂತೋಷಕ್ಕೆ ಅತ್ತರು.

ಆಮೇಲೆ ನಡೆದದ್ದು ಕೇಳಿ. ನಿಮ್ಮ ಅಪ್ಪ ಮನೆಯೊಳಗೆಲ್ಲ ಸರಸರ ಓಡಾಡತೊಡಗಿದ. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಎಲ್ಲ ಕಡೆ. ಹೊಸಿಲಿಗೆ ಎರಡು ಮೊಳ ಇರುವಾಗ ಮಾತ್ರ ಗಕ್ಕನೆ ನಿಂತು, ಕೈಯಿಂದ ಗದ್ದ ಮುಟ್ಟಿಕೊಂಡು, ಹಿಂದಕ್ಕೆ ಸರಿಯುತ್ತಿದ್ದ. ಒತ್ತಾಯ ಮಾಡಿದರೆ ಕಿರುಚುತ್ತಿದ್ದ. ಸಂಕ್ರಾಂತಿಯಲ್ಲಿ ಎರಡೂ ಮಕ್ಕಳನ್ನು ಒಟ್ಟಿಗೆ ಕೂರಿಸಿ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು ಎರೆದೆವು. ಹಣ್ಣುಗಳು ಉರುಳುತ್ತಾ ಜಗಲಿಗೆ ಹೋದವು. ಆ ಹುಡುಗಿ ಹೊಸಿಲು ದಾಟಿ ಅವುಗಳ ಹಿಂದೆ ಹೋದಳು. ನಿಮ್ಮ ಅಪ್ಪ ಒಳಗೇ ಕೂತು, ಉರುಳಿಹೋದ ಹಣ್ಣಿಗೆ ಕೈ ಚಾಚಿಕೊಂಡು ಅತ್ತ.

"ಆವತ್ತು ದಾಟಿದ್ನಲ್ಲ, ಈಗ ಯಾಕೆ ಹೀಗೆ?" ಎಂದು ತಾತ ಕೇಳಿದರು.

"ಚಳಿ ಇರಬೇಕು, ನೆಲ ತಣ್ಣಗಿದೆ" ಎಂದೆ.

ಬನಶಂಕರಿ ಅಮ್ಮನ ಗುಡಿಗೆ ಮೂರು ಶುಕ್ರವಾರ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಮಗು ಹೊಸಿಲು ದಾಟಲಿ ತಾಯಿ ಎಂದು ಬೇಡಿಕೊಂಡೆ. ನಾನು ತಳ್ಳಿದೆ ಎಂದು ಮಾತ್ರ ಹೇಳಲಿಲ್ಲ. ಅವಳಿಗೆ ಗೊತ್ತಿರಲಾರದು ಅನ್ನುವ ಹಾಗೆ.

ಫಾಲ್ಗುಣ ಬಂತು. ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ತಾತ ಹೇಳಿದರು: "ಒಂದು ಸಲ ದಾಟಿದ ಮಗು ಆಮೇಲೆ ದಾಟಲ್ಲ ಅಂದ್ರೆ ಕಾಲಿಗೆ ಏನೋ ಆಗಿದೆ ಅಂತ ಅರ್ಥ. ಅಂಗಡಿಗೆ ಬರೋ ಮೂಳೆ ಡಾಕ್ಟ್ರಿಗೆ ಹೇಳಿದೀನಿ. ಸೋಮವಾರ ರಜ ಹಾಕ್ತೀನಿ, ಎಕ್ಸ್‌ರೇ ತೆಗೆಸೋಣ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಕಾಲು ನೆಟ್ಟಗಿರುವ ಮಗುವನ್ನು ನನ್ನ ಸುಳ್ಳಿಗಾಗಿ ಆ ತಣ್ಣನೆಯ ಮೇಜಿನ ಮೇಲೆ ಮಲಗಿಸುತ್ತಾರೆ. ಬೇಡ ಎನ್ನಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಕಾಯಿ, ಹೋಳಿಗೆ, ಅತ್ತೆಯ ಕಣ್ಣೀರು ಎಲ್ಲ ಸುಳ್ಳಾಗುತ್ತದೆ.

ಮರುದಿನ ತಾತ ಅಂಗಡಿಗೆ ಹೋದ ಮೇಲೆ ನಿಮ್ಮ ಅಪ್ಪನನ್ನು ಎತ್ತಿಕೊಂಡು ಮಹಡಿಗೆ ಹೋದೆ. ಗದಗಿನವಳು ರೊಟ್ಟಿ ಬೇಯಿಸುತ್ತಿದ್ದಳು.

"ಅವನು ದಾಟಲಿಲ್ಲ ಕಣೆ. ನಾನು ತಳ್ಳಿದ್ದು" ಎಂದೆ.

ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬಿ, ಉಸಿರು ಬಿಟ್ಟು ಇಳಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದಳು.

"ನನ್ನ ಕಾಯಿ ಒಡಿಸಿದ್ರಲ್ರಿ ಅಕ್ಕಾರ. ಹಣಮಪ್ಪಗ ಅಂತ ಇಟ್ಟಿದ್ದೆ ಅದನ್ನ."

"ಹೂಂ."

"ನಮ್ಮ ಕೂಸಿನ್ನ ನೋಡಿ ಹಿಂಗ ಮಾಡಿದ್ರೇನು?"

ತಲೆ ತಗ್ಗಿಸಿಕೊಂಡು ಹೌದು ಎಂದೆ.

"ಆವತ್ತ ಅದು ಹೊಸ್ತಿಲಾ ದಾಟಿ ಎಲ್ಲಿಗೆ ಹೊಂಟಿತ್ತು ಗೊತ್ತೇನ್ರಿ? ಮೆಟ್ಟಲ ಕಡೆ. ಕೆಳಗ ನಿಮ್ಮ ಹುಡುಗ ನಗೂದು ಕೇಳಿತ್ತು." ಇಷ್ಟು ಹೇಳಿ ಸ್ಟೌ ಆರಿಸಿದಳು. ಬಿಸಿ ರೊಟ್ಟಿಯಲ್ಲಿ ಒಂದು ತುಂಡು ಮುರಿದು ಬೆಣ್ಣೆ ಸವರಿ ಮಗಳ ಕೈಗೆ ಕೊಟ್ಟು, ಅವಳನ್ನು ಎತ್ತಿಕೊಂಡು ನನಗಿಂತ ಮುಂದೆ ಕೆಳಗಿಳಿದಳು.

ಮಗಳನ್ನು ನಮ್ಮ ಜಗಲಿಯ ಮೇಲೆ, ಹೊಸಿಲಿನ ಆಚೆ ಕೂರಿಸಿದಳು. ನಿಮ್ಮ ಅಪ್ಪನನ್ನು ಒಳಗೆ ಬಿಡಲು ಹೇಳಿದಳು. "ನೀವು ಅಡಗಿಮನಿ ಬಾಗಲಾಗ ನಿಂದರ್ರಿ. ಕೈ ಹಿಂದ ಕಟ್ಟಿಕೊಳ್ರಿ" ಎಂದು ನನಗೂ ಅಪ್ಪಣೆಯಾಯಿತು. ಕೈ ಕಟ್ಟಿಕೊಂಡು ನಿಂತೆ.

ಹುಡುಗಿ ರೊಟ್ಟಿ ಚೀಪತೊಡಗಿದಳು. ಸುಟ್ಟ ಜೋಳದ ವಾಸನೆ ಒಳಗೆಲ್ಲ ಹರಡಿತು. ನಿಮ್ಮ ಅಪ್ಪ ಎರಡು ಮೊಳ ದೂರದಲ್ಲಿ ನಿಂತು ಗದ್ದ ಮುಟ್ಟಿಕೊಂಡ. ಅವಳು ಇನ್ನೊಂದು ಸಲ ಚೀಪಿದಳು, ಗಲ್ಲಕ್ಕೆ ಬೆಣ್ಣೆ ಮಾಡಿಕೊಂಡಳು, ಅವನನ್ನು ನೋಡಿ ನಕ್ಕಳು. ಅವನ ಹುಬ್ಬು ಗಂಟಾಯಿತು. ಕೆಳತುಟಿ ಮುಂದೆ ಬಂತು. ಅವಳ ಹತ್ತಿರ ಇರುವುದು ತನ್ನ ಹತ್ತಿರ ಇಲ್ಲ ಎನ್ನುವ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ಒಂದು ವರ್ಷದಿಂದ ನೋಡುತ್ತಿದ್ದೆ.

ಹೊಸಿಲಿನ ಮೇಲೆ ಒಂದು ಕೈ ಇಟ್ಟ. ಇನ್ನೊಂದು ಕೈ. ಆಮೇಲೆ ಒಂದು ಮಂಡಿ. ಗದ್ದವನ್ನು ಮಾತ್ರ ಆಕಾಶಕ್ಕೆ ಎತ್ತಿ ಹಿಡಿದಿದ್ದ. ಇನ್ನೊಂದು ಮಂಡಿ ದಾಟಿದ್ದೇ ತಡ, ನೆಟ್ಟಗೆ ಹೋಗಿ ಅವಳ ಕೈಯಿಂದ ರೊಟ್ಟಿ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡ. ಅವಳು ಹೋ ಎಂದು ಅತ್ತಳು.

ಗದಗಿನವಳು ನನ್ನ ಕಡೆ ತಿರುಗಿ, "ತಾಯಿ ಮಗ ಒಂದ ಅಚ್ಚಿನಾಗ ತಗದಂಗ ಅದೀರಿ ನೋಡ್ರಿ" ಎಂದಳು. ಆಗ ನಕ್ಕೆವು. ನಾನು ನಗುತ್ತಾ ಅತ್ತೆ.

ಆ ದಿನ ಕಾಯಿ ಒಡೆಯುವ ಹಾಗಿರಲಿಲ್ಲ, ಒಡೆದು ಆಗಿತ್ತು. ಹೋಳಿಗೆಯೂ ಇಲ್ಲ. ಹೊಸಿಲಿಗೆ ಕುಂಕುಮವಿಟ್ಟು, ತಳ್ಳಿದ್ದನ್ನು ಬಾಯಿಬಿಟ್ಟು ಹೇಳಿ ಕೈಮುಗಿದೆ, ಅಷ್ಟೇ.

ಈಗ ಬೇಗೂರಿನ ಕಡೆ ಒಂಬತ್ತನೆಯ ಮಹಡಿಯಲ್ಲಿ ಇದೆಯಲ್ಲ ನಿಮ್ಮ ಮನೆ, ಅದಕ್ಕೆ ಹೊಸಿಲೇ ಇಲ್ಲ. ನಯವಾದ ಒಂದು ಕಲ್ಲಿನ ಪಟ್ಟಿ, ಅದರ ಮೇಲೆ ನಿಮ್ಮ ಅಮ್ಮ ಅಂಟಿಸಿದ ರಂಗೋಲಿ. ಹೋದ ತಿಂಗಳು ನಿಮ್ಮ ಪುಟ್ಟ ತಂಗಿ ಅಂಬೆಗಾಲಿಟ್ಟಾಗ, ಅವಳು ಸೋಫಾ ಮುಟ್ಟುವ ಮೊದಲೇ ವಿಡಿಯೋ ನನ್ನ ಫೋನಿಗೆ ಬಂದಿತ್ತು, ಮನೆಮಂದಿಗೆಲ್ಲ ಹೋಗಿತ್ತು. ಬೆನ್ನಿಗೇ ಇನ್ಯಾರದೋ ಮಗು ನಡೆಯುವ ವಿಡಿಯೋ ಬಂತು. ಸ್ವಲ್ಪ ಹೊತ್ತಿಗೆ ನಿಮ್ಮ ಅಮ್ಮನ ಫೋನು. "ಅತ್ತೆ, ಇವಳು ಇನ್ನೂ ಎದ್ದು ನಿಲ್ತಾನೇ ಇಲ್ಲ. ಆ ಮಗು ಇವಳಿಗಿಂತ ಚಿಕ್ಕದು." ಆ ದನಿ ನನಗೆ ಹೊಸದಲ್ಲ. ನಮಗೆ ಮಹಡಿಯಲ್ಲಿ ಒಂದೇ ಮಗು ಇತ್ತು, ಅವಳ ಫೋನಿನಲ್ಲಿ ಊರಿನ ಮಕ್ಕಳೆಲ್ಲ ಇದ್ದಾರೆ. "ಕೈ ಹಿಂದೆ ಕಟ್ಟಿಕೊಂಡು ನಿಂತ್ಕೋ ಮಗಳೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆದೆ. ನೀವೇ ಅವಳಿಗೆ ಓದಿ ಹೇಳಿ.

ರೊಟ್ಟಿ ಕಿತ್ತುಕೊಂಡ ಆ ಶನಿವಾರ ಸಂಜೆ ತಾತ ಗೇಟು ತೆಗೆದಾಗ ನಿಮ್ಮ ಅಪ್ಪ ಜಗಲಿಯ ಮೇಲೆ ಕೂತಿದ್ದ.

"ಇವನು ಯಾವಾಗ ಬಂದ ಹೊರಗೆ?"

"ಮಧ್ಯಾಹ್ನ. ಇದೇ ಮೊದಲ ಸಲ" ಎಂದೆ.

ಅವರು ನನ್ನನ್ನೇ ನೋಡಿದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಚಪ್ಪಲಿ ಬಿಟ್ಟು, ಮಗನ ಪಕ್ಕ ಕೂತು, ಅವನ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಎಕ್ಸ್‌ರೇ ಮಾತು ಎತ್ತಲಿಲ್ಲ.

"ಅಮ್ಮಂಗೆ ಏನು ಹೇಳ್ತೀಯಾ?"

"ನಾಳೆ ಫೋನ್ ಬರುತ್ತಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಬೈತಾರೆ."

"ಬೈಯಲಿ" ಎಂದು, ಬೆಳಗಿನ ಇಡ್ಲಿಗೆ ನೆನೆಸಿಟ್ಟಿದ್ದ ಉದ್ದಿನಬೇಳೆ ರುಬ್ಬಲು ಒಳಗೆ ಹೋದೆ.