ಕವಾಯತು ಕಲಿತ ಎತ್ತುಗಳು

ನಿಜಾಮರ ಕಾಲದಲ್ಲಿ, ನಾನಿನ್ನೂ ಹರೆಯದವನಿದ್ದಾಗ, ಬೀದರಿನಲ್ಲಿ ಬೆಂಕಿ ಆರಿಸುವ ಸಣ್ಣದೊಂದು ಪಡೆ ಇತ್ತು. ನಾನು ಅದರ ಗಾಡಿ ಹೊಡೆಯುತ್ತಿದ್ದೆ. ಆ ಗಾಡಿಗೆ ಊರವರು ಬಂಬು ಅನ್ನುತ್ತಿದ್ದರು. ಎತ್ತಿನ ಗಾಡಿಯ ಮೇಲೆ ನೀರಿನ ತೊಟ್ಟಿ, ತೊಟ್ಟಿಯ ಮೇಲೆ ಎರಡೂ ಬದಿಗೆ ನಿಂತು ಒತ್ತುವ ಪಂಪು, ಪಂಪಿಗೆ ತೊಗಲಿನ ಕೊಳವೆ. ಒತ್ತಲು ನಾಲ್ವರು ಗಟ್ಟಿ ಆಳುಗಳು, ಬಿಗುಲ ಊದಲು ಒಬ್ಬ, ಎಲ್ಲರ ಮೇಲೆ ಜಮಾದಾರರು.

ಜಮಾದಾರರು ಮೊದಲು ಕುದುರೆ ಪಡೆಯಲ್ಲಿದ್ದವರು. ದೊಡ್ಡ ಯುದ್ಧದಲ್ಲಿ ಮಿಸರ, ಅಂದರೆ ಈಜಿಪ್ಟ್ ದೇಶದ ತನಕ ಹೋಗಿ ಬಂದಿದ್ದರು. ಅಲ್ಲಿಯ ಬಂದರಿನಲ್ಲಿ ನಾನಾ ದೇಶದ ಸಿಪಾಯಿಗಳ ಜೊತೆ ಕೂತು ಮಾತು ಕೇಳಿದ್ದರು. ದಿನಾ ಮುಂಜಾನೆ ನಮ್ಮನ್ನು ಕೋಟೆಯ ಹೊರಗಿನ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಅದನ್ನೇ ಹೇಳುವರು.

"ಫ್ರಾನ್ಸಿನ ರಾಜಧಾನಿಯೊಳಗ ಬೆಂಕಿ ಆರಸೋರು ಯಾರು ಗೊತ್ತೇನು? ಪಕ್ಕಾ ಫೌಜಿನ ಸಿಪಾಯಿಗಳು. ವಿಲಾಯ್ತಿಯೊಳಗ ಹಡಗಿನ ಖಲಾಸಿಗಳನ್ನ ಹುಡುಕಿ ತಗೋತಿದ್ರು. ಯಾಕಂದ್ರ ಅವರು ಹುಕುಮಿಗೆ ಎದುರು ಮಾತಾಡೂದಿಲ್ಲ."

"ನಮ್ಮನ್ನ ಯಾಕ ತಗೊಂಡ್ರಿ ಸಾಬ್ರೆ?" ಅಂತ ಬಿಗುಲಿನವ ಕೇಳಿದ.

"ಬ್ಯಾರೆ ಯಾರೂ ಬರಲಿಲ್ಲ," ಅಂದರು ಜಮಾದಾರರು. ನಗಲಿಲ್ಲ.

ವಿಲಾಯ್ತಿಯವರಂತೆ ನಮಗೂ ಹಿತ್ತಾಳೆ ಟೊಪ್ಪಿಗೆ ಬೇಕು ಅಂತ ಅವರು ಕಂಚುಗಾರರ ಓಣಿಯಲ್ಲಿ ಮಾಡಿಸಿದರು. ವಿಲಾಯ್ತಿಯ ಬಿಸಿಲು ಬೇರೆ, ಬೀದರಿನ ಬಿಸಿಲು ಬೇರೆ. ಚೈತ್ರ ಬಂತೆಂದರೆ ಆ ಟೊಪ್ಪಿಗೆ ಹಂಚಿನಂತೆ ಕಾಯುವುದು. ಪಂಪು ಒತ್ತುವವರಲ್ಲಿ ಒಬ್ಬ ಒಂದು ದಿನ ತನ್ನದನ್ನು ಬೋರಲು ಹಾಕಿ ಮೇಲೊಂದು ಹಸಿ ರೊಟ್ಟಿ ತಟ್ಟಿ ಇಟ್ಟು, ಜಮಾದಾರರು ಬರುವ ಹೊತ್ತಿಗೆ ಸರಿಯಾಗಿ ಅದನ್ನು ತಿರುವಿ ಹಾಕುತ್ತಿದ್ದ. ಅದಕ್ಕೆ ಅವನು ಬಯಲನ್ನು ಓಡುತ್ತ ಸುತ್ತಬೇಕಾಯಿತು, ರೊಟ್ಟಿಯನ್ನು ಕೈಯಲ್ಲಿ ಹಿಡಿದೇ.

ಬಿಗುಲಿನವ ಮೊದಲು ಮದುವೆ ಮೆರವಣಿಗೆಯ ಬಾಜಾದಲ್ಲಿ ಊದುತ್ತಿದ್ದವ. ದಖನಿ ಮಾತಿನ, ಕಿಡಿಗೇಡಿ ಕಣ್ಣಿನ ಮನುಷ್ಯ. ಬಾಯಲ್ಲಿ ಸದಾ ಪಾನು. ಅವನು ಮೂರು ಕರೆ ಕಲಿಯಬೇಕಾಗಿತ್ತು: ಎದ್ದು ನಿಲ್ಲಲು ಒಂದು, ಓಡಲು ಒಂದು, ದಾಣಿ ತಿನ್ನಿಸಲು ಒಂದು. ದಾಣಿ ಅಂದರೆ ಎತ್ತಿನ ಮೇವು. ಕುದುರೆ ಪಡೆಯಲ್ಲಿ ಕುದುರೆಗಳು ಬಿಗುಲ ಕೇಳಿಯೇ ನಡೆಯುತ್ತವೆಂದು ಹೇಳಿ, ಜಮಾದಾರರು ನನ್ನ ಎರಡು ದೇವಣಿ ತಳಿಯ ಎತ್ತುಗಳಿಗೂ ಅದನ್ನೇ ಕಲಿಸಲು ಹೊರಟರು.

ಮಾನ ಹೋಗುವ ಮಾತೆಂದರೆ, ನಮಗಿಂತ ಮೊದಲು ಎತ್ತುಗಳೇ ಕಲಿತವು. ಮೊದಲ ಕರೆಗೆ ಮಲಗಿದ್ದ ಎತ್ತು ಎದ್ದು ನಿಲ್ಲುವುದು, ನಾವಿನ್ನೂ ಬೂಟು ಹುಡುಕುತ್ತಿದ್ದೆವು. ದಾಣಿ ಕರೆ ಕೇಳಿದರಂತೂ ಬಾರುಕೋಲು ಬೇಡ, ಹಗ್ಗ ಬೇಡ, ಎಲ್ಲಿ ಹಸಿರು ಕಂಡಿತೋ ಅಲ್ಲಿಗೆ ನೇರವಾಗಿ ನಡೆದುಬಿಡುವವು.

"ನೋಡ್ರಿ, ಇವಕ್ಕ ಅದಬ್ ಅದ, ಶಿಸ್ತು ಅದ," ಅಂತ ಜಮಾದಾರರು ನಮ್ಮ ಮುಂದೆ ಎತ್ತಿನ ಬೆನ್ನು ಸವರುವರು.

ಹೀಗಿರುವಾಗ ಜಿಲ್ಲೆಯ ದೊಡ್ಡ ಹಾಕಿಮರಾದ ತಾಲ್ಲೂಕದಾರ ಸಾಹೇಬರು ಭಾಲ್ಕಿಯಲ್ಲಿ ಮುಕ್ಕಾಂ ಮಾಡುವ ಸುದ್ದಿ ಬಂತು. ಅವರ ಮುಂದೆ ಕವಾಯತು ತೋರಿಸಬೇಕೆಂದು ಜಮಾದಾರರು ನಮ್ಮನ್ನೆಲ್ಲ ಹೊರಡಿಸಿದರು. ಅಲ್ಲಿಗೆ ಮುಟ್ಟಿದ ಮುಂಜಾನೆಯೇ ಬಿಗುಲಿನವನ ಪಾನಿನ ಡಬ್ಬಿ ಕಿತ್ತುಕೊಂಡರು. "ಹಾಕಿಮರ ಮುಂದ ಕೆಂಪು ಬಾಯಿ ಬ್ಯಾಡ," ಅಂದರು. ಬಿಗುಲಿನವ ಸಲಾಮು ಹೊಡೆದು ಸುಮ್ಮನೆ ನಿಂತ. ಅವನು ಎದುರುತ್ತರ ಕೊಡದೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಬಯಲಿನ ಒಂದು ತುದಿಗೆ ಶಾಮಿಯಾನ. ಅದರ ಕಂಬಗಳಿಗೆ ಬಾಳೆಗಿಡ ಕಟ್ಟಿದ್ದರು, ಮೇಜಿನ ಮೇಲೆ ಹೂವಿನ ಹಾರಗಳ ರಾಶಿ. ಇನ್ನೊಂದು ತುದಿಗೆ ಒಣ ಕಣಕಿಯ, ಅಂದರೆ ಜೋಳದ ದಂಟಿನ, ಸಣ್ಣ ಗುಡ್ಡೆ. ಸಾಹೇಬರು ಕೂತರು. ಗುಡ್ಡೆಗೆ ಬೆಂಕಿ ಹಚ್ಚಿದರು. ಜಮಾದಾರರು ಕೈಯೆತ್ತಿದರು. ಬಿಗುಲಿನವ ನನ್ನ ಕಡೆ ಒಮ್ಮೆ ನೋಡಿ, ಬಿಗುಲ ತುಟಿಗಿಟ್ಟು, ಅಚ್ಚುಕಟ್ಟಾಗಿ ದಾಣಿ ಕರೆ ಊದಿದ.

ಎತ್ತುಗಳು ಕಿವಿ ನಿಮಿರಿಸಿದವು. ಉರಿಯುವ ಕಣಕಿಗೆ ಬೆನ್ನು ತಿರುಗಿಸಿದವು. ನಾನು ಹಗ್ಗ ಜಗ್ಗಿದೆ, ಬೈದೆ, ಬೇಡಿಕೊಂಡೆ. ಅವು ಬಂಬನ್ನು ಎಳೆದುಕೊಂಡು, ಪಂಪಿನ ಬದಿಗೆ ಟೊಪ್ಪಿಗೆ ಹಾಕಿ ನಿಂತಿದ್ದ ನಾಲ್ವರನ್ನೂ ಹೊತ್ತುಕೊಂಡು, ಸೀದಾ ಶಾಮಿಯಾನದ ಬುಡಕ್ಕೆ ಬಂದು ನಿಂತವು. ಒಂದು ಎತ್ತು ಬಾಳೆ ಎಲೆಗೆ ಬಾಯಿ ಹಾಕಿತು. ಇನ್ನೊಂದು ಸಾಹೇಬರಿಗೆಂದು ತಂದಿದ್ದ ದೊಡ್ಡ ಹಾರವನ್ನು ನಿಧಾನಕ್ಕೆ ಮೇಯತೊಡಗಿತು. ಅತ್ತ ಕಣಕಿ ತನ್ನಷ್ಟಕ್ಕೆ ಉರಿದು ಬೂದಿಯಾಯಿತು. ನಾಲ್ವರು ಆಳುಗಳು ಹುಕುಮಿಲ್ಲದೆ ಇಳಿಯಬಾರದೆಂದು ಅಲ್ಲೇ ಕಂಬದಂತೆ ನಿಂತಿದ್ದರು.

ಜಮಾದಾರರ ಮುಖ ಸುಣ್ಣದಂತಾಗಿತ್ತು. ಆದರೂ ಸಾಹೇಬರಿಗೆ ಸಲಾಮು ಹೊಡೆದ ಕೈ ಇಳಿಸಲಿಲ್ಲ.

ಸಾಹೇಬರು ಹಾರ ಮೇಯುವ ಎತ್ತನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಜಮಾದಾರ್, ಈಗ ಊದಿದ್ದು ಯಾವ ಕರೆ?"

"ದಾಣಿ ಕರೆ, ಹುಜೂರ್."

"ಹಾಗಾದರೆ ಎತ್ತುಗಳದು ತಪ್ಪಿಲ್ಲ. ಇವನ್ನ ಕಲಿಸಿದವರು ಯಾರು?"

"ನಾನು, ಹುಜೂರ್."

"ಚೆನ್ನಾಗಿ ಕಲಿಸಿದ್ದೀರಿ," ಅಂದ ಸಾಹೇಬರ ಮೀಸೆ ಅದುರುತ್ತಿತ್ತು. "ನಮ್ಮ ಮುಂದಿನ ಮುಕ್ಕಾಂ ಔರಾದ. ಅಲ್ಲಿ ಮತ್ತೊಮ್ಮೆ ತೋರಿಸಿ. ಶಾಮಿಯಾನಕ್ಕೆ ಬಾಳೆ ಕಟ್ಟಬೇಡ ಅಂತ ಹೇಳಿ ಕಳಸ್ತೀನಿ."

ಔರಾದದ ದಾರಿಯುದ್ದಕ್ಕೂ ಜಮಾದಾರರು ಬಿಗುಲಿನವನ ಜೊತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸುಮ್ಮನಿದ್ದದ್ದು ಅವನನ್ನು ಕೊರೆಯಿತು. "ನನ್ನ ಬೈಲಿಕ್ಕಾದ್ರೂ ಸಾಬ್ರಿಗೆ ಹೇಳೋ," ಅಂತ ನನಗೆ ಗಂಟುಬಿದ್ದ.

"ನಾನ್ಯಾಕ ಹೇಳ್ಲಿ? ನೀನೇ ಬಿಗುಲ ಊದಿ ಹೇಳು," ಅಂದೆ.

ಔರಾದ ಮುಟ್ಟಿದಾಗ ಸಾಹೇಬರು ಇನ್ನೂ ಬಂದಿರಲಿಲ್ಲ, ಕವಾಯತಿನ ಮಾತೂ ಉಳಿದಿರಲಿಲ್ಲ. ಊರ ಅಂಚಿನ ಬಣವೆಗಳ ಸಾಲಿಗೆ ನಿಜವಾಗಿಯೇ ಬೆಂಕಿ ಬಿದ್ದಿತ್ತು. ಜನ ಕೂಗುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ, ಕೊಡದ ನೀರನ್ನು ದಾರಿಯಲ್ಲೇ ಚೆಲ್ಲುತ್ತಿದ್ದರು. ಬಣವೆಗಳ ಒಡತಿ, ಗಂಡನಿಲ್ಲದೆ ಹೊಲ ಮಾಡಿಸುತ್ತಿದ್ದ ಒಬ್ಬ ಅವ್ವ, ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಜಮಾದಾರರು ಕೈಯೆತ್ತಿದರು. ಈ ಸಲ ಓಡುವ ಕರೆಯೇ ಬಂತು, ಎಂದೂ ಕೇಳದಷ್ಟು ಜೋರಾಗಿ. ಎತ್ತುಗಳು ನೆಲ ಕಿತ್ತು ಓಡಿದವು. ಜಮಾದಾರರು ಬಾವಿಯಿಂದ ಬಂಬಿನ ತನಕ ಊರವರನ್ನು ಸಾಲು ನಿಲ್ಲಿಸಿದರು. "ಬಾಯಿ ಮುಚ್ಚರಿ, ಕೈ ಚಾಚರಿ" ಅಂದದ್ದು ಬಿಟ್ಟರೆ ಮತ್ತೇನೂ ಹೇಳಲಿಲ್ಲ. ಕೊಡಗಳು ಕೈಯಿಂದ ಕೈಗೆ ಹರಿದು ಬಂದವು. ನಾಲ್ವರು ಪಂಪು ಒತ್ತಿದರು, ನಾನು ಕೊಳವೆ ಹಿಡಿದೆ. ದಿನಾ ಬಯಲಿನಲ್ಲಿ ಬೈದುಕೊಳ್ಳುತ್ತ ಮಾಡಿದ್ದನ್ನೇ ಮಾಡುತ್ತಿದ್ದೆವು, ಯೋಚನೆ ಮಾಡುವ ಗೋಜೇ ಇರಲಿಲ್ಲ. ಎರಡು ಬಣವೆ ಹೋದವು. ಮಿಕ್ಕವು ಉಳಿದವು.

ಆ ಅವ್ವ ನಮಗೆಲ್ಲ ರೊಟ್ಟಿ, ಪುಂಡಿಪಲ್ಯ ತಂದಳು. "ಉಣ್ಣರಿ ಅಪ್ಪಗಳಿರಾ," ಅಂದಳು. ಜಮಾದಾರರು ಎಂದೂ ನಮ್ಮ ಜೊತೆ ಕೂತು ಉಂಡವರಲ್ಲ. ಅಂದು ಬೇವಿನ ನೆರಳಿಗೆ ಬಂದು ನಮ್ಮ ಸಾಲಿನಲ್ಲೇ ಕೂತು ಬೂಟು ಬಿಚ್ಚಿದರು. ಅಂಗಾಲು ತುಂಬ ಬೊಬ್ಬೆ ಎದ್ದಿತ್ತು. ಭಾಲ್ಕಿಯಿಂದ ಅಷ್ಟೂ ದಾರಿ ಅವರು ಗಾಡಿ ಹತ್ತಿರಲಿಲ್ಲ, ನಮ್ಮ ಮುಂದೆ ನಡೆದೇ ಬಂದಿದ್ದರು.

ಬಿಗುಲಿನವ ಎದ್ದು ಅವ್ವನ ಹತ್ತಿರ ಹೋಗಿ ಬಟ್ಟಲಲ್ಲಿ ಕುಸುಬಿ ಎಣ್ಣೆ ಇಸಕೊಂಡು ಬಂದ. ಜಮಾದಾರರ ಕಾಲಬುಡದಲ್ಲಿ ಕೂತ.

"ಕಾಲು ಕೊಡ್ರಿ ಸಾಬ್ರೆ."

"ಇದು ಯಾರ ಹುಕುಂ?" ಅಂದರು ಜಮಾದಾರರು.

"ನಂದೇರಿ," ಅಂದ ಅವನು.

ಜಮಾದಾರರು ರೊಟ್ಟಿ ಮುರಿಯುತ್ತ, ಅವನ ಕಡೆ ನೋಡದೆ, ಕಾಲು ಮುಂದೆ ಚಾಚಿದರು.